ಹನ್ನೆರಡು ವೋಲ್ಟಿನಲ್ಲಿ ಷಾಕ್ ಇಲ್ಲ, ಬೆಂಕಿ ಇದೆ

ಪರೀಕ್ಷೆಗೂ ಕರೆಂಟು ಹೋಗುವುದಕ್ಕೂ ಏನೋ ಹಳೆಯ ನಂಟು. ಮಾರ್ಚ್ ತಿಂಗಳು ಬಂತೆಂದರೆ ಒಂದು ಕಡೆ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಓದು. ಇನ್ನೊಂದು ಕಡೆ ಬೇಸಿಗೆಯ ಸೆಖೆ, ಪಂಪ್‌ಸೆಟ್ಟುಗಳ ಹೊರೆ, ಇಳಿಯುತ್ತಿರುವ ಜಲಾಶಯ. ಮಳೆಗಾಲವೂ ಇದಕ್ಕೆ ಕಡಿಮೆಯೇನಲ್ಲ. ಮಲೆನಾಡಿನಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಎರಡು ದಿನ ಕತ್ತಲೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಬೆಳಕಿಲ್ಲದೆ ರಾತ್ರಿ ಕಳೆದ ಊರುಗಳೆಷ್ಟೋ. 2023ರಲ್ಲಿ ಮುಂಗಾರು ಕೈಕೊಟ್ಟು, ಅಕ್ಟೋಬರ್ ಹೊತ್ತಿಗೆ ಲೋಡ್ ಶೆಡ್ಡಿಂಗ್ ಎಂಬ ಹಳೆಯ ಮಾತು ರಾಜ್ಯದ ತುಂಬ ಮತ್ತೆ ಕೇಳಿಬಂತು.

ಅಂಥ ರಾತ್ರಿ ಅಂಗಳದಲ್ಲಿ ನಿಂತಿರುವ ಟ್ರಾಕ್ಟರೋ, ಕಾರೋ ಕಣ್ಣಿಗೆ ಬೀಳುತ್ತದೆ. ‘ಅಷ್ಟು ದೊಡ್ಡ ಬ್ಯಾಟರಿ ಸುಮ್ಮನೆ ಕೂತಿದೆಯಲ್ಲ, ಅದಕ್ಕೊಂದು ಇನ್ವರ್ಟರ್ ಸಿಕ್ಕಿಸಿದರೆ ಮಕ್ಕಳು ಓದಿಕೊಳ್ಳಬಹುದಲ್ಲ’ ಎಂದು ತಂದೆಗೆ ಅನ್ನಿಸುತ್ತದೆ. ಮಗನಿಗೆ ಅದಕ್ಕಿಂತ ಮೊದಲೇ ಅನ್ನಿಸಿರುತ್ತದೆ! ಯೋಚನೆಯೇನೂ ತಪ್ಪಲ್ಲ. ಆದರೆ ಈ ಕೆಲಸದಲ್ಲಿ ಬಹುಪಾಲು ಜನ ಹೆದರಬೇಕಾದ ಕಡೆ ಹೆದರುವುದಿಲ್ಲ. ಇನ್ವರ್ಟರಿನಿಂದ ಹೊರಬರುವ 230 ವೋಲ್ಟಿನ ಕಡೆ ಎಲ್ಲರಿಗೂ ಭಯವಿದೆ. ಬ್ಯಾಟರಿಯ ಕಡೆ? ‘ಅದು ಬರೀ ಹನ್ನೆರಡು ವೋಲ್ಟ್, ಏನೂ ಆಗಲ್ಲ’ ಎಂಬ ಉಡಾಫೆ.

ಆ ಹನ್ನೆರಡು ವೋಲ್ಟು ನಮಗೆ ಷಾಕ್ ಹೊಡೆಯುವುದಿಲ್ಲ ಎಂಬುದು ನಿಜ. ಒಣ ಚರ್ಮದ ರೋಧ ಸಾವಿರಾರು ಓಮ್. ಹನ್ನೆರಡು ವೋಲ್ಟು ಅದರ ಮೂಲಕ ನೂಕಬಲ್ಲ ಪ್ರವಾಹ ಹೆಚ್ಚೆಂದರೆ ಕೆಲವು ಮಿಲಿಆಂಪಿಯರ್. ಬ್ಯಾಟರಿಯ ಎರಡು ತುದಿಗಳನ್ನು ಒಣ ಕೈಯಲ್ಲಿ ಮುಟ್ಟಿದರೂ ಏನೂ ತಿಳಿಯುವುದಿಲ್ಲ. ಆದರೆ ಅದೇ ಎರಡು ತುದಿಗಳ ನಡುವೆ ಒಂದು ಸ್ಪ್ಯಾನರ್ ಬಿದ್ದರೆ ಕಥೆಯೇ ಬೇರೆ.

ಇಲ್ಲಿ ತರಗತಿಯಲ್ಲಿ ನಾನು ಕೇಳುವ ಪ್ರಶ್ನೆಯೊಂದನ್ನು ಕೇಳುತ್ತೇನೆ. ಟಾರ್ಚಿನ ಎಂಟು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೂ ಹನ್ನೆರಡು ವೋಲ್ಟು ಬರುತ್ತದೆ. ಹಾಗಾದರೆ ಅದರಿಂದ ಕಾರನ್ನು ಸ್ಟಾರ್ಟ್ ಮಾಡಬಹುದೆ? ‘ಆಗಲ್ಲ ಸಾರ್’ ಎಂದು ಎಲ್ಲರೂ ಕೂಗುತ್ತಾರೆ. ‘ಯಾಕೆ?’ ಎಂದರೆ ತರಗತಿ ನಿಶ್ಶಬ್ದ. ಉತ್ತರ ಇರುವುದು ಆಂತರಿಕ ರೋಧದಲ್ಲಿ. ಎಂಟು ಟಾರ್ಚ್ ಸೆಲ್ಲುಗಳ ಒಳಗಿನ ರೋಧ ಒಟ್ಟು ಕೆಲವು ಓಮ್‌ಗಳಷ್ಟಿರುತ್ತದೆ. ತುದಿಗಳನ್ನು ನೇರವಾಗಿ ತಾಗಿಸಿದರೂ ಹರಿಯುವುದು ನಾಲ್ಕೈದು ಆಂಪಿಯರ್ ಮಾತ್ರ. ಕಾರಿನ ಒಳ್ಳೆಯ ಬ್ಯಾಟರಿಯ ಆಂತರಿಕ ರೋಧ ಒಂದು ಓಮಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಓಮನ ನಿಯಮದಂತೆ 12ನ್ನು 0.01ರಿಂದ ಭಾಗಿಸಿ ನೋಡಿ: 1,200 ಆಂಪಿಯರ್! ಮನೆಯ ಇಡೀ ವೈರಿಂಗಿನಲ್ಲಿ ಒಮ್ಮೆಗೆ ಹರಿಯುವುದು ಇಪ್ಪತ್ತೋ ಮೂವತ್ತೋ ಆಂಪಿಯರ್. ಸ್ಪ್ಯಾನರ್ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಕಿಡಿ ಹಾರುತ್ತದೆ, ತುದಿಯ ಸೀಸ ಕರಗುತ್ತದೆ. ಕೈಯ ಉಂಗುರ ಸ್ಪ್ಯಾನರಿಗೂ ಇನ್ನೊಂದು ತುದಿಗೂ ನಡುವೆ ಸಿಕ್ಕಿಕೊಂಡರೆ ಬೆರಳು ಸುಟ್ಟು ಎಲುಬಿನವರೆಗೂ ಗಾಯವಾಗಬಹುದು. ಆದ್ದರಿಂದ ಬ್ಯಾಟರಿ ಮುಟ್ಟುವ ಮುನ್ನ ಉಂಗುರ, ಕಡಗ, ಲೋಹದ ಪಟ್ಟಿಯ ವಾಚು, ಜೋತುಬೀಳುವ ಸರ ತೆಗೆದಿಡಬೇಕು. ಮೆಕ್ಯಾನಿಕ್ಕುಗಳು ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿಕೊಂಡಿರುವುದನ್ನು ನೀವು ನೋಡಿರಬಹುದು. ಅದು ಷೋಕಿಗಾಗಿ ಅಲ್ಲ.

ಸ್ಟಾರ್ಟರಿಗಾಗಿ ಹುಟ್ಟಿದ್ದು

ಸೀಸ-ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದದ್ದು 1859ರಲ್ಲಿ. ಎರಡು ಸೀಸದ ಹಾಳೆಗಳು, ನಡುವೆ ದುರ್ಬಲ ಗಂಧಕಾಮ್ಲ. ತತ್ವ ಇಂದಿಗೂ ಅದೇ. ಒಂದು ಕೋಶದಿಂದ ಸುಮಾರು 2.1 ವೋಲ್ಟು, ಆರು ಕೋಶ ಸೇರಿದರೆ 12.6. ಇದು ಮೋಟಾರು ಕಾರಿನ ಅವಿಭಾಜ್ಯ ಅಂಗವಾದದ್ದು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರಲ್ಲಿ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂದ ಮೇಲೆ. ಅದಕ್ಕೂ ಮುಂಚೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿಯೇ ಎಂಜಿನ್ ಎಬ್ಬಿಸಬೇಕಿತ್ತು. ನಮ್ಮೂರುಗಳ ಹಳೆಯ ಲಾರಿ ಡ್ರೈವರುಗಳಿಗೆ ಆ ಹ್ಯಾಂಡಲಿನ ನೆನಪು ಇನ್ನೂ ಇರಬಹುದು.

ಈ ಇತಿಹಾಸ ಹೇಳಿದ್ದಕ್ಕೆ ಕಾರಣವಿದೆ. ವಾಹನದ ಬ್ಯಾಟರಿ ಹುಟ್ಟಿದ್ದೇ ಸ್ಟಾರ್ಟರಿಗಾಗಿ. ಮೂರು ನಾಲ್ಕು ಸೆಕೆಂಡು ನೂರಾರು ಆಂಪಿಯರ್ ಕೊಟ್ಟು, ಆಮೇಲೆ ಇಡೀ ದಿನ ಆಲ್ಟರ್ನೇಟರಿನಿಂದ ಚಾರ್ಜ್ ಆಗುತ್ತ ಕೂರುವುದು ಅದರ ಜಾಯಮಾನ. ಅದಕ್ಕಾಗಿ ಅದರೊಳಗೆ ತೆಳ್ಳಗಿನ ಪ್ಲೇಟುಗಳು ಹಲವು ಇರುತ್ತವೆ. ಮನೆಯ ಇನ್ವರ್ಟರಿಗೆಂದು ಮಾರುವ ಟ್ಯೂಬುಲಾರ್ ಬ್ಯಾಟರಿಯ ಪ್ಲೇಟು ದಪ್ಪ. ಗಂಟೆಗಟ್ಟಲೆ ಸಣ್ಣಗೆ ಕೊಡುತ್ತಲೇ ಇರುವುದು ಅದರ ಗುಣ. ಒಂದು ನೂರು ಮೀಟರ್ ಓಟಗಾರ, ಇನ್ನೊಂದು ಹೊರೆ ಹೊತ್ತು ಸಂತೆಗೆ ನಡೆಯುವ ಎತ್ತು. ಓಟಗಾರನ ಮೇಲೆ ದಿನವೂ ಮೂಟೆ ಹೇರಿದರೆ ಏನಾಗುತ್ತದೆ? ವಾಹನದ ಬ್ಯಾಟರಿಯನ್ನು ಪದೇ ಪದೇ ತಳ ಕಾಣುವಂತೆ ಖಾಲಿ ಮಾಡಿದರೆ ಪ್ಲೇಟಿನ ಪದಾರ್ಥ ಉದುರಿ ತಳ ಸೇರುತ್ತದೆ, ಉಳಿದದ್ದರ ಮೇಲೆ ಸೀಸದ ಸಲ್ಫೇಟು ಗಟ್ಟಿಕಟ್ಟುತ್ತದೆ, ಕೆಲವೇ ತಿಂಗಳಲ್ಲಿ ಅದು ಗುಜರಿಗೆ ಹೋಗುತ್ತದೆ. ಆದ್ದರಿಂದ ಇದು ಆಪತ್ಕಾಲದ ಉಪಾಯವೇ ಹೊರತು ನಿತ್ಯದ ವ್ಯವಸ್ಥೆಯಲ್ಲ.

ಎಷ್ಟು ಹೊತ್ತು ನಡೆಯುತ್ತದೆ? ಲೆಕ್ಕ ಸುಲಭ. ಎರಡು ಎಲ್‌ಇಡಿ ಬಲ್ಬು ತಲಾ 9 ವ್ಯಾಟ್, ಹಳೆಯ ಮಾದರಿಯ ಸೀಲಿಂಗ್ ಫ್ಯಾನು 75 ವ್ಯಾಟ್, ಒಟ್ಟು 93. ಇನ್ವರ್ಟರ್ ತಾನೇ ಸ್ವಲ್ಪ ತಿನ್ನುತ್ತದೆ, ಹಾಗಾಗಿ ಬ್ಯಾಟರಿಯಿಂದ 110 ವ್ಯಾಟ್ ಎಳೆಯುತ್ತದೆ ಎನ್ನಿ. ಹನ್ನೆರಡರಿಂದ ಭಾಗಿಸಿದರೆ ಒಂಬತ್ತು ಆಂಪಿಯರ್. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್‌ನದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮುಟ್ಟಬಾರದು. ಅಂದರೆ ಎರಡು ಗಂಟೆಯೂ ಪೂರ್ತಿ ಸಿಗುವುದಿಲ್ಲ. ಇನ್ವರ್ಟರ್ ‘ಕುಂಯ್’ ಎಂದು ಎಚ್ಚರಿಸಿ ತಾನಾಗಿ ನಿಲ್ಲುವವರೆಗೆ ಕಾಯುತ್ತೇನೆ ಎಂದರೆ ಆಗದು. ಅದು ನಿಲ್ಲುವುದು ಬ್ಯಾಟರಿ ಹತ್ತೂವರೆ-ಹನ್ನೊಂದು ವೋಲ್ಟಿಗೆ ಇಳಿದ ಮೇಲೆ. ಅಷ್ಟರಲ್ಲಿ ಕಾರು ಸ್ಟಾರ್ಟ್ ಆಗುವ ಶಕ್ತಿ ಮುಗಿದಿರುತ್ತದೆ. ನಡುರಾತ್ರಿ ಯಾರನ್ನಾದರೂ ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದರೆ? ಒಂದು ಮಲ್ಟಿಮೀಟರ್ ಇದ್ದರೆ ನಡುವೆ ಫ್ಯಾನು, ದೀಪ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. 12.6 ಇದ್ದರೆ ತುಂಬಿದೆ, 12.2ಕ್ಕೆ ಬಂದರೆ ಅರ್ಧ ಮುಗಿಯಿತು, ಅಲ್ಲಿಗೆ ನಿಲ್ಲಿಸಬೇಕು.

ಇಲ್ಲೊಂದು ಅಡ್ಡಮಾತು. ಓದುವುದಕ್ಕೆ ಒಂದು ದೀಪ ಸಾಕು ಎನ್ನುವವರಿಗೆ ಇನ್ವರ್ಟರಾದರೂ ಏಕೆ? ಹನ್ನೆರಡು ವೋಲ್ಟಿನದೇ ಎಲ್‌ಇಡಿ ಬಲ್ಬು ಅಂಗಡಿಯಲ್ಲಿ ಸಿಗುತ್ತದೆ. ಸಂಜೆ ರಸ್ತೆಬದಿಯಲ್ಲಿ ತಳ್ಳುಗಾಡಿಯವರು ಸಣ್ಣ ಬ್ಯಾಟರಿಗೆ ಸಿಕ್ಕಿಸಿಕೊಂಡಿರುತ್ತಾರಲ್ಲ, ಅದೇ. ಒಂಬತ್ತು ವ್ಯಾಟಿನದು ಎಳೆಯುವುದು ಮುಕ್ಕಾಲು ಆಂಪಿಯರ್ ಮಾತ್ರ. ಅದೇ ಕಾರಿನ ಬ್ಯಾಟರಿಯ ಅರ್ಧ ಭಾಗ ಇಪ್ಪತ್ತು ಗಂಟೆಗೂ ಮಿಕ್ಕಿ ಬಂದೀತು. ಎರಡು ಆಂಪಿಯರಿನ ಒಂದು ಫ್ಯೂಸು ಹಾಕಿಕೊಂಡರೆ ಮುಗಿಯಿತು. ಮೊಬೈಲು ಚಾರ್ಜಿಗೂ ಕಾರಿನ ಯುಎಸ್‌ಬಿ ಸಾಕು. ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿಸಿ, ಅದನ್ನು ಚಾರ್ಜರಿನಲ್ಲಿ ಮತ್ತೆ ನೇರ ವಿದ್ಯುತ್ತಾಗಿಸುವುದೆಂದರೆ ಎರಡೆರಡು ಸಲ ಸುಂಕ ಕಟ್ಟಿದ ಹಾಗೆ. ನನ್ನನ್ನು ಕೇಳಿದರೆ ಹತ್ತರಲ್ಲಿ ಏಳು ಮನೆಗೆ ಇಷ್ಟೇ ಸಾಕು. ಫ್ಯಾನೂ ಬೇಕು, ಕಂಪ್ಯೂಟರೂ ಬೇಕು ಎನ್ನುವವರು ಮುಂದೆ ಓದಿ.

ತಂತಿ ಎಷ್ಟು ದಪ್ಪ?

ಹತ್ತನೆಯ ತರಗತಿಯ ಮಕ್ಕಳಿಗೆ ಜೌಲನ ನಿಯಮ ಗೊತ್ತು. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದು ಮರೆತುಬಿಡುವ ಈ ‘ವರ್ಗ’ ಎಂಬ ಪದದಲ್ಲಿಯೇ ಇಡೀ ಅಪಾಯ ಅಡಗಿದೆ.

ಮಿಕ್ಸಿಯಂಥ ಒಂದು ಯಂತ್ರವಿದೆ, ಇನ್ವರ್ಟರಿನ ನಷ್ಟವೂ ಸೇರಿ 600 ವ್ಯಾಟ್ ಬೇಕು ಎಂದುಕೊಳ್ಳೋಣ. 230 ವೋಲ್ಟಿನಲ್ಲಾದರೆ ಅದಕ್ಕೆ 2.6 ಆಂಪಿಯರ್ ಸಾಕು. 12 ವೋಲ್ಟಿನಲ್ಲಾದರೆ 50 ಆಂಪಿಯರ್ ಬೇಕು. ಪ್ರವಾಹ ಹತ್ತೊಂಬತ್ತು ಪಟ್ಟು. ಒಂದೇ ತಂತಿಯಲ್ಲಿ ಶಾಖವೋ ಸುಮಾರು 367 ಪಟ್ಟು! ಮನೆಯಲ್ಲಿ ಬಲ್ಬಿಗೆ ಹಾಕುವ ಒಂದು ಚದರ ಮಿಲಿಮೀಟರ್ ತಾಮ್ರದ ತಂತಿಯನ್ನೇ ಬ್ಯಾಟರಿಯಿಂದ ಇನ್ವರ್ಟರಿಗೆ ಎಳೆದಿರಿ ಎನ್ನಿ. ದೂರ ಎರಡು ಮೀಟರ್, ಹೋಗಿಬರುವ ಉದ್ದ ನಾಲ್ಕು ಮೀಟರ್. ಅದರ ರೋಧ ಸುಮಾರು 0.07 ಓಮ್. ‘ಇಷ್ಟೇನಾ’ ಅನ್ನಬೇಡಿ. 50ರ ವರ್ಗ 2,500, ಅದನ್ನು 0.07ರಿಂದ ಗುಣಿಸಿದರೆ 175 ವ್ಯಾಟ್. ರೇಡಿಯೋ ರಿಪೇರಿಯವರ 25 ವ್ಯಾಟಿನ ಬೆಸುಗೆ ಕಡ್ಡಿಗಳು ಏಳನ್ನು ಆ ತಂತಿಯ ಪ್ಲಾಸ್ಟಿಕ್ ಹೊದಿಕೆಯೊಳಗೆ ಇಟ್ಟ ಹಾಗೆ. ಹೊದಿಕೆ ಮೊದಲು ಮೆತ್ತಗಾಗುತ್ತದೆ, ಆಮೇಲೆ ಕರಗುತ್ತದೆ, ಎರಡು ತಂತಿ ಒಂದಕ್ಕೊಂದು ತಾಗುತ್ತವೆ. ಆಗ 50 ಹೋಗಿ ನೂರಾರು ಆಂಪಿಯರ್ ಆಗುತ್ತದೆ. ಪಕ್ಕದಲ್ಲಿ ಹುಲ್ಲೋ, ಗೋಣಿಚೀಲವೋ, ಡೀಸೆಲ್ ಡಬ್ಬವೋ ಇದ್ದರೆ ಉಳಿದದ್ದನ್ನು ಹೇಳಬೇಕಿಲ್ಲ.

ಅದೇ ದೂರಕ್ಕೆ 16 ಚದರ ಮಿಲಿಮೀಟರ್ ತಂತಿ ಹಾಕಿದರೆ ಶಾಖ ಹನ್ನೊಂದು ವ್ಯಾಟಿಗೆ ಇಳಿಯುತ್ತದೆ, ಉದ್ದಕ್ಕೂ ಹಂಚಿಹೋಗುವುದರಿಂದ ಕೈಗೆ ಬೆಚ್ಚಗೂ ತಿಳಿಯದು. ಆದ್ದರಿಂದ ಇನ್ವರ್ಟರಿನ ಜೊತೆ ಬಂದ ತಂತಿಯನ್ನು ಬದಲಿಸಬೇಡಿ, ತುಂಡು ತಂತಿ ತಿರುಚಿ ಉದ್ದ ಮಾಡಬೇಡಿ. ಬ್ಯಾಟರಿ ಅಂಗಳದಲ್ಲಿದೆ, ಓದುವ ಕೋಣೆ ಒಳಗಿದೆ ಎಂದರೆ ಇನ್ವರ್ಟರನ್ನು ಬ್ಯಾಟರಿಯ ಹತ್ತಿರವೇ ಒಣ ಜಾಗದಲ್ಲಿ ಇಟ್ಟು, 230 ವೋಲ್ಟಿನ ಕಡೆಯ ತಂತಿಯನ್ನು ಉದ್ದ ಮಾಡಬೇಕು. ವಿದ್ಯುತ್ ಮಂಡಳಿಯವರು ದೂರಕ್ಕೆ ಹೆಚ್ಚು ವೋಲ್ಟಿನಲ್ಲೇ ವಿದ್ಯುತ್ ಸಾಗಿಸುವುದೂ ಇದೇ ಕಾರಣಕ್ಕೆ.

ಇನ್ನು ಫ್ಯೂಸು. ಮನೆಯ ಮೀಟರ್ ಬೋರ್ಡಿನ ಎಂಸಿಬಿ ನಮ್ಮನ್ನು ಕಾಯುತ್ತದೆ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. ಬ್ಯಾಟರಿಗೂ ಇನ್ವರ್ಟರಿಗೂ ನಡುವೆ ಅದು ಇಲ್ಲವೇ ಇಲ್ಲ. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನ ಒಳಗೆ ಫ್ಯೂಸು ಇರಬೇಕು. ಇನ್ವರ್ಟರಿನ ಒಳಗೆ ಒಂದು ಇದೆಯಲ್ಲ ಎಂದರೆ, ಅದು ಕಾಯುವುದು ಇನ್ವರ್ಟರನ್ನು. ಬ್ಯಾಟರಿಯಿಂದ ಅಲ್ಲಿಯವರೆಗಿನ ತಂತಿ ನಡುವೆ ಎಲ್ಲೋ ಬಾನೆಟ್ಟಿಗೆ ಸಿಕ್ಕಿ ಉಜ್ಜಿ ಶಾರ್ಟ್ ಆದರೆ ಆ ಒಳಗಿನ ಫ್ಯೂಸಿಗೆ ಸುದ್ದಿಯೇ ಮುಟ್ಟುವುದಿಲ್ಲ. ಫ್ಯೂಸಿನ ಅಳತೆ ಇನ್ವರ್ಟರ್ ಎಳೆಯುವ ಪ್ರವಾಹಕ್ಕಿಂತ ಸ್ವಲ್ಪ ಹೆಚ್ಚಿರಬೇಕು, ತಂತಿ ತಾಳುವ ಪ್ರವಾಹಕ್ಕಿಂತ ಕಡಿಮೆ ಇರಬೇಕು. ನೇರ ವಿದ್ಯುತ್ತಿಗೆಂದೇ ಮಾಡಿದ, ವಾಹನದ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ಫ್ಯೂಸನ್ನೇ ತನ್ನಿ. ಪರ್ಯಾಯ ವಿದ್ಯುತ್ತು ಸೆಕೆಂಡಿಗೆ ನೂರು ಸಲ ಸೊನ್ನೆಯನ್ನು ದಾಟುವುದರಿಂದ ಅದರ ಕಿಡಿ ತಾನಾಗಿ ಆರುತ್ತದೆ. ನೇರ ವಿದ್ಯುತ್ತಿಗೆ ಅಂಥ ಬಿಡುವಿಲ್ಲ, ಕಿಡಿ ಎಳೆದುಕೊಂಡೇ ಇರಬಲ್ಲದು.

ಕಾರಿನ ಒಳಗಿನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಇನ್ವರ್ಟರುಗಳೂ ಇವೆ. ಅಲ್ಲಿ ಕಾರಿನದೇ ಫ್ಯೂಸಿದೆ, ಸಾಮಾನ್ಯವಾಗಿ ಹತ್ತರಿಂದ ಹದಿನೈದು ಆಂಪಿಯರಿನದು. ಲ್ಯಾಪ್‌ಟಾಪು, ಒಂದೆರಡು ಬಲ್ಬಿಗೆ ಅಡ್ಡಿಯಿಲ್ಲ. ಫ್ಯೂಸು ಸುಟ್ಟಿತೆಂದು ಅದರ ಜಾಗದಲ್ಲಿ ತಂತಿಯ ಎಳೆ ಸುತ್ತುವ ಬುದ್ಧಿವಂತಿಕೆ ಮಾತ್ರ ಬೇಡ.

ಕಣ್ಣಿಗೆ ಕಾಣದ ಅನಿಲ

ಬ್ಯಾಟರಿ ಚಾರ್ಜ್ ಆಗುವ ಕೊನೆಯ ಹಂತದಲ್ಲಿ ಆಮ್ಲದೊಳಗಿನ ನೀರು ಒಡೆದು ಜಲಜನಕ, ಆಮ್ಲಜನಕಗಳಾಗುತ್ತದೆ. ಪ್ರಯೋಗಾಲಯದಲ್ಲಿ ನೀರಿನ ವಿದ್ಯುದ್ವಿಭಜನೆ ನೋಡಿದ ಮಕ್ಕಳಿಗೆ ಇದು ಹೊಸದಲ್ಲ. ಪ್ರನಾಳದ ಬಾಯಿಗೆ ಉರಿವ ಕಡ್ಡಿ ಹಿಡಿದಾಗ ‘ಪಟ್’ ಎಂದದ್ದೂ ನೆನಪಿರಬಹುದು. ಗಾಳಿಯಲ್ಲಿ ಜಲಜನಕ ನೂರಕ್ಕೆ ನಾಲ್ಕು ಭಾಗ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬ್ಯಾಟರಿಯ ವಿಷಯದಲ್ಲಿ ಆ ‘ಪಟ್’ ಎಂದರೆ ಪೆಟ್ಟಿಗೆ ಸಿಡಿದು ಗಂಧಕಾಮ್ಲ ಮುಖಕ್ಕೆ ಎರಚುವುದು. ಕತ್ತಲೆಯಲ್ಲಿ ‘ನೀರು ಎಷ್ಟಿದೆ ನೋಡೋಣ’ ಎಂದು ಮುಚ್ಚಳ ತೆಗೆದು ಬೆಂಕಿಕಡ್ಡಿ ಗೀರುವವರು ಇದನ್ನು ಗಮನಿಸಬೇಕು.

ಇನ್ವರ್ಟರಿನ ಒಳಗೆ ದೊಡ್ಡ ಧಾರಕಗಳು, ಅಂದರೆ ಕೆಪಾಸಿಟರುಗಳು ಇರುತ್ತವೆ. ಸ್ವಿಚ್ಚು ಆರಿಸಿದ್ದರೂ ಸಹ, ಕೊನೆಯ ತಂತಿ ತಾಗಿಸುವಾಗ ಅವು ಗಕ್ಕನೆ ತುಂಬಿಕೊಳ್ಳುವುದರಿಂದ ‘ಚಟ್’ ಎಂದು ಕಿಡಿ ಹಾರುತ್ತದೆ. ಇದು ದೋಷವಲ್ಲ. ಆದರೆ ಆ ಕಿಡಿ ಬ್ಯಾಟರಿಯ ಮುಚ್ಚಳದ ಹತ್ತಿರ ಹಾರಬಾರದು. ಆದ್ದರಿಂದ ಕ್ರಮ ಹೀಗೆ. ಎಂಜಿನ್ ಆರಿಸಿ, ಈಗಷ್ಟೇ ಓಡಿಸಿ ತಂದ ಗಾಡಿಯಾದರೆ ಬಾನೆಟ್ ತೆರೆದು ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಇನ್ವರ್ಟರಿನ ಸ್ವಿಚ್ಚು ಆರಿಸಿ, ತಂತಿಗಳನ್ನು ಮೊದಲು ಇನ್ವರ್ಟರಿಗೆ ಭದ್ರಮಾಡಿ. ಆಮೇಲೆ ಕೆಂಪು ತಂತಿಯನ್ನು ಬ್ಯಾಟರಿಯ ಪ್ಲಸ್ಸಿಗೆ. ಕೊನೆಗೆ ಕಪ್ಪು ತಂತಿಯನ್ನು ಬ್ಯಾಟರಿಯಿಂದ ದೂರದಲ್ಲಿ, ಎಂಜಿನ್ನಿನ ಬಣ್ಣವಿಲ್ಲದ ಗಟ್ಟಿ ಲೋಹಕ್ಕೆ ಕಚ್ಚಿಸಿ. ಈಗಿನ ವಾಹನಗಳಲ್ಲಿ ಮೈನಸ್ಸು ಗಾಡಿಯ ಮೈಗೇ ಸೇರಿರುತ್ತದೆ, ಹಾಗಾಗಿ ಅಲ್ಲಿ ಕೊಟ್ಟರೂ ಒಂದೇ. ಹೊಸ ಕಾರುಗಳಲ್ಲಿ ಇದಕ್ಕೆಂದೇ ಗುರುತು ಮಾಡಿದ ಜಾಗವೂ ಇರುತ್ತದೆ, ಕೈಪಿಡಿ ನೋಡಿ. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಇನ್ವರ್ಟರ್ ಅಲ್ಲೇ ಸುಡುತ್ತದೆ. ಬಣ್ಣ ನಂಬಬೇಡಿ, ಬ್ಯಾಟರಿಯ ಮೇಲೆ ಅಚ್ಚಾದ ಗುರುತು ನೋಡಿ. ರಿಪೇರಿಯ ತಂತಿಗೆ ಬಣ್ಣದ ಹಂಗಿಲ್ಲ.

ಆಮ್ಲ ಮೈಮೇಲೆ ಬಿದ್ದರೆ ಧಾರಾಳವಾಗಿ ನೀರು ಸುರಿಯಿರಿ. ಕಣ್ಣಿಗಾದರೆ ಕನಿಷ್ಠ ಕಾಲು ಗಂಟೆ ಶುದ್ಧ ನೀರಿನಲ್ಲಿ ತೊಳೆಯುತ್ತ ವೈದ್ಯರ ಬಳಿ ಓಡಿ. ನೆಲಕ್ಕೆ ಬಿದ್ದದ್ದಕ್ಕೆ ಅಡುಗೆ ಸೋಡಾ ಹಾಕಬಹುದು, ಕಣ್ಣಿಗೆ ಅಲ್ಲ.

ಲಾರಿಯೂ, ಮನೆಯ ಇನ್ವರ್ಟರೂ

ಲಾರಿ, ಬಸ್ಸುಗಳದು 24 ವೋಲ್ಟು. ಎರಡು ಬ್ಯಾಟರಿ ಸಾಲಾಗಿ ಜೋಡಿಸಿರುತ್ತಾರೆ. ಅದಕ್ಕೆ 12 ವೋಲ್ಟಿನ ಇನ್ವರ್ಟರ್ ನೇರವಾಗಿ ಕೊಟ್ಟರೆ ಹೊಗೆ ಬರುತ್ತದೆ. ‘ಎರಡರಲ್ಲಿ ಒಂದರಿಂದ ಮಾತ್ರ ತಗೊಂಡರೆ ಆಯಿತು’ ಎಂಬ ಜಾಣತನವೂ ಬೇಡ. ಒಂದು ಸೊರಗುತ್ತದೆ, ಮತ್ತೆ ಗಾಡಿ ಓಡುವಾಗ ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ಕುದಿಯುತ್ತದೆ. 24 ವೋಲ್ಟಿನ ಇನ್ವರ್ಟರೇ ಬೇಕು. ಬ್ಯಾಟರಿಚಾಲಿತ ಸ್ಕೂಟರಿನ ಬ್ಯಾಟರಿಗೆ ಮಾತ್ರ ಯಾವ ಇನ್ವರ್ಟರನ್ನೂ ತರಬೇಡಿ. ಅದರ ವೋಲ್ಟೇಜು ಬೇರೆ, ಒಳಗಿರುವ ಲಿಥಿಯಂ ರಸಾಯನವೂ ಬೇರೆ.

ಇನ್ನೊಂದು ಸಂದರ್ಭ ನಮ್ಮಲ್ಲಿ ಹೆಚ್ಚು. ಮನೆಯ ಇನ್ವರ್ಟರಿನ ಬ್ಯಾಟರಿ ಕೆಟ್ಟಿದೆ, ಹೊಸದಕ್ಕೆ ಹದಿನೈದು ಸಾವಿರದ ಮಾತು, ಸದ್ಯಕ್ಕೆ ಟ್ರಾಕ್ಟರಿನದನ್ನು ಬಿಚ್ಚಿ ತಂದು ಕೂರಿಸೋಣ ಎನ್ನುತ್ತಾರೆ. ಮನೆಯ ಇನ್ವರ್ಟರಿನೊಳಗೆ ಚಾರ್ಜರೂ ಇದೆ, ಅದು 150 ಆಂಪಿಯರ್-ಅವರ್‌ನ ದೊಡ್ಡ ಬ್ಯಾಟರಿಗೆ ಹೊಂದಿಸಿದ್ದು ಎಂಬುದು ನೆನಪಿರಲಿ. ಸಾಮಾನ್ಯ ಲೆಕ್ಕ, ಬ್ಯಾಟರಿಯ ಸಾಮರ್ಥ್ಯದ ಹತ್ತನೆಯ ಒಂದು ಭಾಗದಷ್ಟು ಆಂಪಿಯರಿನಲ್ಲಿ ಚಾರ್ಜ್ ಮಾಡಬೇಕು. ಹದಿನೈದು ಆಂಪಿಯರನ್ನು ಸಣ್ಣ ಬ್ಯಾಟರಿಗೆ ನುಗ್ಗಿಸಿದರೆ ಅದು ಮನೆಯೊಳಗೇ ಕುದಿದು ಜಲಜನಕ ಬಿಡುತ್ತದೆ. ಹಲವು ಇನ್ವರ್ಟರುಗಳ ಹಿಂಬದಿಯಲ್ಲಿ ಬ್ಯಾಟರಿಯ ಜಾತಿ ಆರಿಸುವ ಸಣ್ಣ ಸ್ವಿಚ್ಚಿದೆ, ಅದನ್ನು ಬದಲಿಸಿ. ಮಂಚದ ಕೆಳಗೆ, ದೇವರ ದೀಪದ ಪಕ್ಕ ಬ್ಯಾಟರಿ ಇಡಬೇಡಿ. ಗಾಳಿಯಾಡುವ ಜಾಗವಿರಲಿ.

230 ವೋಲ್ಟಿನ ಕಡೆ ಎಲ್ಲರಿಗೂ ಭಯವಿದೆ ಎಂದೆನಲ್ಲ, ಅಲ್ಲೂ ಒಂದು ಹುಚ್ಚು ಸಾಹಸ ನಡೆಯುತ್ತದೆ. ಎರಡೂ ತುದಿಗೆ ಪ್ಲಗ್ ಇರುವ ತಂತಿ ಮಾಡಿಕೊಂಡು, ಇನ್ವರ್ಟರಿನಿಂದ ಗೋಡೆಯ ಸಾಕೆಟ್ಟಿಗೆ ಕೊಟ್ಟು ಇಡೀ ಮನೆಗೆ ಬೆಳಕು ತರುವುದು. ಮೇನ್ ಸ್ವಿಚ್ಚು ಆರಿಸಲು ಮರೆತರೆ ಆ ವಿದ್ಯುತ್ತು ಕಂಬದ ಕಡೆಗೂ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಹರಿದರೆ ಸಾವಿರಾರು ವೋಲ್ಟು ಆಗಬಲ್ಲದು. ಲೈನು ಸತ್ತಿದೆಯೆಂದು ನಂಬಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ನಿನ ಜೀವ ಅದರಲ್ಲಿದೆ. ಬೇಕಾದ ದೀಪ, ಫ್ಯಾನನ್ನು ಮೂರು ಪಿನ್ನಿನ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿನ ಮೂಲಕ ನೇರವಾಗಿ ಇನ್ವರ್ಟರಿಗೇ ಸಿಕ್ಕಿಸಿ.

ಎಂಜಿನ್ ಓಡಿಸಿಕೊಂಡೇ ಇನ್ವರ್ಟರ್ ನಡೆಸಬಹುದಲ್ಲ ಎಂದು ಕೇಳುವವರಿದ್ದಾರೆ. ಬಯಲಿನಲ್ಲಾದರೆ ಆಗಬಹುದು. ಮುಚ್ಚಿದ ಶೆಡ್ಡಿನಲ್ಲಾಗಲಿ, ಓದುವ ಕೋಣೆಯ ಕಿಟಕಿಯ ಪಕ್ಕದಲ್ಲಾಗಲಿ ಕೂಡದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತೂಕಡಿಕೆ ಎಂದು ಮಲಗಿದವರು ಏಳದೆ ಹೋಗಬಹುದು.

ಕರೆಂಟು ಬಂತು ಎಂಬ ಸಂಭ್ರಮದ ಗಳಿಗೆಯಲ್ಲಿ ಎಡವುವವರು ಬಹಳ. ಗಡಿಬಿಡಿಯಲ್ಲಿ ಇನ್ವರ್ಟರಿನ ಕಡೆಯ ತುದಿಗಳನ್ನು ಮೊದಲು ಕಿತ್ತರೆ, ಬ್ಯಾಟರಿಯಿಂದ ಬಂದ ಎರಡು ಬರಿ ತುದಿಗಳು ಜೀವಂತವಾಗಿ ಜೋತಾಡುತ್ತವೆ. ಒಂದಕ್ಕೊಂದು ತಾಗಿದರೆ ಆಗಲೇ ಹೇಳಿದ ಆ ನೂರಾರು ಆಂಪಿಯರ್. ಮೊದಲು ಇನ್ವರ್ಟರಿನ ಸ್ವಿಚ್ಚು ಆರಿಸಿ, ಗಾಡಿಯ ಮೈಗೆ ಕಚ್ಚಿಸಿದ ಕಪ್ಪನ್ನು ತೆಗೆದು, ಆಮೇಲೆ ಬ್ಯಾಟರಿಯ ಪ್ಲಸ್ಸನ್ನು ತೆಗೆಯಿರಿ. ಇನ್ವರ್ಟರಿನ ಕಡೆ ಕೊನೆಗೆ. ಮರುದಿನ ಗಾಡಿಯನ್ನು ಸ್ವಲ್ಪ ದೂರವೇ ಓಡಿಸಿ; ರಾತ್ರಿ ಹದಿನೈದು ಆಂಪಿಯರ್-ಅವರ್ ಖರ್ಚಾಗಿದ್ದರೆ, ಹಾಲಿನ ಡೈರಿಯವರೆಗೆ ಹೋಗಿ ಬಂದ ಹತ್ತು ನಿಮಿಷದಲ್ಲಿ ಅದು ತುಂಬುವುದಿಲ್ಲ.